ಮುದ್ರೆಯಲ್ಲಿ 212 ಅಡಿ, ನಮ್ಮ ಮೇಜಿನ ಮೇಲೆ 204: ಚರ್ಮ ಅಳೆಯುವ ಯಂತ್ರವನ್ನು ಎಷ್ಟು ನಂಬಬಹುದು?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದೊಂದು ಚಿಕ್ಕ ಘಟಕ ಇದೆ. ಮೇಕೆ ಚರ್ಮದ ಪರ್ಸ್, ಕೈಚೀಲ ಮಾಡುತ್ತೇವೆ. ತಮಿಳುನಾಡಿನ ಒಂದು ಟ್ಯಾನರಿಯಿಂದ, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆಯಿಂದ, ಫಿನಿಶ್ ಆದ ಚರ್ಮ ತರಿಸುತ್ತೇವೆ. ಕಳೆದ ಸಲ 40 ಚರ್ಮ ಬಂತು. ಪ್ರತಿಯೊಂದರ ಹಿಂಬದಿ ಅಳತೆಯ ಮುದ್ರೆ ಇದೆ. ಎಲ್ಲ ಕೂಡಿಸಿದರೆ 212 ಚದರ ಅಡಿ, ಬಿಲ್ಲೂ ಅಷ್ಟಕ್ಕೇ. ನಾವು ಒಂದು ಇಂಚಿನ ಚೌಕಗಳ ಗೆರೆ ಹಾಕಿದ ಪ್ಲಾಸ್ಟಿಕ್ ಹಾಳೆ ಇಟ್ಟು ಎಣಿಸಿದಾಗ 204 ಬಂತು. ಅಂಚಿನ ಚೌಕಗಳನ್ನು ಅಂದಾಜಿನಲ್ಲಿ ಸೇರಿಸಿದ್ದೇವೆ. ಕೇಳಿದರೆ 'ನಮ್ಮದು ಕಂಪ್ಯೂಟರ್ ಮೆಷಿನ್, ಬೆಳಕಿನಲ್ಲಿ ಅಳೆಯುತ್ತದೆ, ತಪ್ಪಾಗಲ್ಲ' ಅಂತಾರೆ. ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ? ಯಾರ ಲೆಕ್ಕ ಸರಿ? ನಾವೇ ಒಂದು ಕ್ಯಾಮೆರಾ ಯಂತ್ರ ಹಾಕಿಕೊಂಡರೆ ಹೇಗೆ?

ಉತ್ತರ: ಎಂಟು ಅಡಿ ಅಂದರೆ 212ರಲ್ಲಿ ಶೇ 3.8. ಚಿಕ್ಕ ಘಟಕಕ್ಕೆ ಇದು ಸಣ್ಣ ಮೊತ್ತವಲ್ಲ. ಪರ್ಸಿನ ವ್ಯಾಪಾರದಲ್ಲಿ ಕೊನೆಗೆ ಕೈಯಲ್ಲಿ ಉಳಿಯುವುದು ಎಷ್ಟು ಅಂತ ನಿಮಗೇ ಗೊತ್ತು. ಸುಮ್ನೆ ಬಿಡದೆ ಅಳೆದು ನೋಡಿದ್ದು ಒಳ್ಳೆಯ ಕೆಲಸ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೆಳಕಿನ ಯಂತ್ರವನ್ನು ಸರಿಯಾಗಿ ನೋಡಿಕೊಂಡಿದ್ದರೆ ಅದು ಚೆನ್ನಾಗಿಯೇ ಅಳೆಯುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ಬರೀ ಅದರ ಸೆನ್ಸರ್‌ಗಳಿಂದ ಬರುವುದು ಕಡಿಮೆ. ಆದರೆ ಸೆನ್ಸರ್ ಎಣಿಸಿದ ಅಂಕಿ ಮುದ್ರೆಯಾಗಿ ಚರ್ಮದ ಹಿಂದೆ ಬೀಳುವ ಮೊದಲೇ ಒಂದು ಸಲ ಬದಲಾಗುತ್ತದೆ. ಮುದ್ರೆ ಬಿದ್ದ ಮೇಲೆ ಚರ್ಮವೇ ಬದಲಾಗುತ್ತದೆ. ಇದರ ಜೊತೆಗೆ ನಿಮ್ಮ ಚೌಕದ ಹಾಳೆಯೂ ಸ್ವಲ್ಪ ತಪ್ಪು ಹೇಳಿರಬಹುದು. ನಿಮ್ಮ ಎಂಟು ಅಡಿ ಈ ಮೂರು ಕಡೆ ಹಂಚಿಹೋಗಿದೆ ಅಂತ ನನ್ನ ಅನುಮಾನ. ಯಾವುದರಲ್ಲಿ ಎಷ್ಟು ಹೋಯಿತು ಅನ್ನುವುದನ್ನು ಆ 40 ಚರ್ಮಗಳಿಂದಲೇ ಕಂಡುಹಿಡಿಯಬಹುದು. ಅವನ್ನು ಇನ್ನೂ ಕತ್ತರಿಸಿಲ್ಲ ಅಂದುಕೊಳ್ಳುತ್ತೇನೆ.

ಮೊದಲು ಯಂತ್ರದ ವಿಷಯ. ಬೆಳಕಿನ ಯಂತ್ರಕ್ಕೂ ಮೊದಲು ಟ್ಯಾನರಿಗಳಲ್ಲಿ ಮುಳ್ಳುಚಕ್ರಗಳ ಯಂತ್ರ ಇತ್ತು. ಪಕ್ಕಪಕ್ಕದಲ್ಲಿ ಸಾಲಾಗಿ ಚಕ್ರಗಳು. ಚರ್ಮ ಯಾವ ಚಕ್ರದ ಕೆಳಗೆ ಹಾದುಹೋಗುತ್ತದೋ ಆ ಚಕ್ರದ ಓಟ ಮಾತ್ರ ಲೆಕ್ಕಕ್ಕೆ ಸೇರುತ್ತದೆ. ಎಲ್ಲ ಚಕ್ರಗಳ ಓಟ ಕೂಡಿ ಒಂದು ಮುಳ್ಳು ಡಯಲ್ ಮೇಲೆ ಅಡಿ ತೋರಿಸುತ್ತದೆ. ಈಗಿನ ಯಂತ್ರದ ತರ್ಕವೂ ಅದೇ. ಚಕ್ರದ ಜಾಗದಲ್ಲಿ ಬೆಳಕು ಬಂದಿದೆ ಅಷ್ಟೆ. ಒಂದು ಬದಿಯಲ್ಲಿ ಅಗಲಕ್ಕೂ ಎಲ್‌ಇಡಿ ದೀಪಗಳ ಸಾಲು, ಎದುರು ಬದಿಯಲ್ಲಿ ಸೆನ್ಸರ್‌ಗಳ ಸಾಲು. ನಡುವೆ ನೈಲಾನ್ ದಾರಗಳ ಮೇಲೆ ಚರ್ಮ ಸಾಗುತ್ತದೆ. ದಾರ ಸಾಗಿದ ದೂರವನ್ನು ಎನ್‌ಕೋಡರ್ ಅನ್ನುವ ಚಕ್ರ ಎಣಿಸುತ್ತದೆ. ದಾರ ಕೆಲವು ಮಿಲಿಮೀಟರ್ ಮುಂದೆ ಹೋದಾಗಲೆಲ್ಲ ಅದು ಒಂದು ಸಂಕೇತ ಕೊಡುತ್ತದೆ. ಆ ಕ್ಷಣದಲ್ಲಿ ಎಷ್ಟು ಸೆನ್ಸರ್‌ಗೆ ಬೆಳಕು ತಪ್ಪಿದೆ ಅಂತ ಯಂತ್ರ ಎಣಿಸುತ್ತದೆ. ಸೆನ್ಸರ್‌ಗಳ ನಡುವಿನ ಅಂತರ 10 ಮಿ.ಮೀ., ಎನ್‌ಕೋಡರ್ ಹೆಜ್ಜೆ 10 ಮಿ.ಮೀ. ಅಂದುಕೊಳ್ಳಿ. ಆಗ ಒಂದೊಂದು ಎಣಿಕೆಯೂ ಒಂದು ಚದರ ಸೆಂಟಿಮೀಟರ್. 929 ಎಣಿಕೆಗೆ ಒಂದು ಚದರ ಅಡಿ.

ಗಮನಿಸಿ, ಇದು ನೀವು ಮಾಡಿದ ಕೆಲಸವೇ. ಯಂತ್ರವೂ ಚೌಕ ಎಣಿಸುತ್ತದೆ. ಅದರ ಚೌಕ ಚಿಕ್ಕದು, ಮತ್ತು ಅಂಚಿನ ಚೌಕ ಒಳಗೋ ಹೊರಗೋ ಅನ್ನುವುದನ್ನು ಎಲ್ಲ ಕಡೆ ಒಂದೇ ನಿಯಮದಿಂದ ತೀರ್ಮಾನಿಸುತ್ತದೆ. ಚರ್ಮದ ಅಂಚು ಅಂಕುಡೊಂಕು. ಹಾಗಾಗಿ ಒಂದು ಕಡೆ ಅರ್ಧ ಚೌಕ ಜಾಸ್ತಿಯಾದರೆ ಇನ್ನೊಂದು ಕಡೆ ಅರ್ಧ ಕಮ್ಮಿಯಾಗಿ ಸರಿಹೋಗುತ್ತದೆ. ಒಂದು ಸೆಂಟಿಮೀಟರಿನ ಚೌಕ ಎಣಿಸಿಯೂ ಯಂತ್ರ ಸರಿಯಾದ ಉತ್ತರ ಕೊಡುವುದು ಹೀಗೆ.

ಆದರೆ ಆ ನಿಯಮವೇ ಒಂದು ಕಡೆ ವಾಲಿದ್ದರೆ ತಪ್ಪು ಸರಿಹೋಗುವುದಿಲ್ಲ, ಕೂಡುತ್ತಾ ಹೋಗುತ್ತದೆ. ಸೆನ್ಸರ್‌ಗೆ ಎಷ್ಟು ಬೆಳಕು ಕಮ್ಮಿಯಾದರೆ 'ಚರ್ಮ ಇದೆ' ಅನ್ನಬೇಕು? ಆ ಮಿತಿಯನ್ನು ಯಾರೋ ಇಟ್ಟಿರುತ್ತಾರೆ. ಮಿತಿ ಸಡಿಲವಾಗಿದ್ದರೆ ಅಂಚು ಸುತ್ತಲೂ ಹೊರಕ್ಕೆ ಸರಿಯುತ್ತದೆ. ಐದು ಅಡಿಯ ಮೇಕೆ ಚರ್ಮದ ಸುತ್ತಳತೆ ಸುಮಾರು 3 ಮೀಟರ್. ಸುತ್ತಲೂ 1 ಮಿ.ಮೀ. ಹೊರಕ್ಕೆ ಹೋದರೆ 30 ಚದರ ಸೆಂಟಿಮೀಟರ್, ಅಂದರೆ ಶೇ 0.65. ಅದೇ ತಪ್ಪು 20 ಅಡಿಯ ಹಸುವಿನ ಸೈಡ್‌ನಲ್ಲಿ (ಬೆನ್ನಿನ ಉದ್ದಕ್ಕೂ ಸೀಳಿದ ಅರ್ಧ ಚರ್ಮ) ಅದರ ಅರ್ಧದಷ್ಟು ಮಾತ್ರ ಕಾಣುತ್ತದೆ. ಅಂಚಿನ ತಪ್ಪು ಯಾವಾಗಲೂ ಚಿಕ್ಕ ಚರ್ಮಕ್ಕೇ ಜಾಸ್ತಿ ಹೊಡೆತ ಕೊಡುತ್ತದೆ. ಮೇಕೆ, ಕುರಿ ಚರ್ಮ ಕೊಳ್ಳುವ ನಿಮ್ಮಂಥವರು ಇದನ್ನು ನೆನಪಿಡಬೇಕು.

ಎನ್‌ಕೋಡರ್ ಚಕ್ರದ್ದು ಇನ್ನೊಂದು ತರಹದ ತಪ್ಪು. ಚಕ್ರ ಸವೆದು ಚಿಕ್ಕದಾದರೆ ಅಷ್ಟೇ ಉದ್ದಕ್ಕೆ ಜಾಸ್ತಿ ಸುತ್ತುತ್ತದೆ, ಎಣಿಕೆ ಜಾಸ್ತಿ ಬರುತ್ತದೆ. ಅದರ ಮೇಲೆ ಫಿನಿಶಿಂಗ್ ಬಣ್ಣ, ಚರ್ಮ ಉಜ್ಜಿ ನಯ ಮಾಡುವಾಗ ಏಳುವ ಬಫಿಂಗ್ ಪುಡಿ ಅಂಟಿ ದಪ್ಪವಾದರೆ ಎಣಿಕೆ ಕಮ್ಮಿ. 100 ಮಿ.ಮೀ. ವ್ಯಾಸದ ಚಕ್ರದಲ್ಲಿ 1 ಮಿ.ಮೀ. ಬದಲಾದರೆ ಅಳತೆಯಲ್ಲಿ ಶೇ 1 ಬದಲಾಗುತ್ತದೆ. ಈ ತಪ್ಪು ಚಿಕ್ಕ ಚರ್ಮ, ದೊಡ್ಡ ಚರ್ಮ ಅಂತ ನೋಡುವುದಿಲ್ಲ. ಎಲ್ಲಕ್ಕೂ ಅದೇ ಪ್ರಮಾಣದಲ್ಲಿ ಬೀಳುತ್ತದೆ. ಈ ಗುಣ ಮುಂದೆ ನಮ್ಮ ಕೆಲಸಕ್ಕೆ ಬರುತ್ತದೆ.

ಇನ್ನು ಯಂತ್ರಕ್ಕೆ ಚರ್ಮ ಒಡ್ಡುವವರ ಕೈ. ಬೆಳಕು ಅಳೆಯುವುದು ಚರ್ಮದ ನೆರಳನ್ನು. ಮಡಿಕೆ ಬಿದ್ದಿದ್ದರೆ, ಹೊಟ್ಟೆಯ ಭಾಗ ಅಲೆಅಲೆಯಾಗಿದ್ದರೆ ನೆರಳು ಚಿಕ್ಕದಾಗುತ್ತದೆ, ಲಾಭ ನಿಮಗೆ. ಒಡ್ಡುವವರು ಜೋರಾಗಿ ಎಳೆದು ಹಿಡಿದಿದ್ದರೆ ಹಿಗ್ಗುತ್ತದೆ, ಲಾಭ ಅವರಿಗೆ. ಮೇಕೆ ಚರ್ಮ ಮೆತ್ತಗಿರುತ್ತದೆ, ಹೊಟ್ಟೆಯ ಕಡೆ ಇನ್ನೂ ಸಡಿಲ. ಒಳ್ಳೆಯ ಕೆಲಸಗಾರರು ಮಡಿಕೆ ಬಿಡಿಸುವಷ್ಟೇ ಸವರುತ್ತಾರೆ, ಎಳೆಯುವುದಿಲ್ಲ. ದಿನವಿಡೀ ನಿಂತು, ಒಂದರ ಹಿಂದೆ ಒಂದು ಚರ್ಮವನ್ನು ಹಾಗೆ ಸಮವಾಗಿ ಒಡ್ಡುವುದು ದೊಡ್ಡ ಕೌಶಲ. ಟ್ಯಾನರಿಯ ಸಂಬಳದ ಪಟ್ಟಿಯಲ್ಲಿ ಅದಕ್ಕೆ ಸಿಗಬೇಕಾದ ಬೆಲೆ ಸಿಕ್ಕಿಲ್ಲ ಅಂತ ನನಗೆ ಯಾವಾಗಲೂ ಅನಿಸಿದೆ.

ತೂತುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಬೆಳಕು ದಾಟುವ ತೂತನ್ನು ಯಂತ್ರ ತಾನಾಗಿಯೇ ಕಳೆಯುತ್ತದೆ. ಸೆನ್ಸರ್ ಅಂತರಕ್ಕಿಂತ ಚಿಕ್ಕದಾದ ತೂತು ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ತೀರಾ ತೆಳುವಾದ, ತಿಳಿ ಬಣ್ಣದ ಚರ್ಮದಲ್ಲಿ ಬೆಳಕು ಚರ್ಮವನ್ನೇ ದಾಟಿ ಬರುವುದೂ ಉಂಟು. ಆಗ ಇರುವ ಚರ್ಮವೂ ಲೆಕ್ಕಕ್ಕೆ ಸಿಗದೆ ಹೋಗಬಹುದು.

ಈಗ ಮುದ್ರೆಗೆ ಬರೋಣ. ನನ್ನ ಮುಖ್ಯ ಅನುಮಾನ ಇರುವುದು ಇಲ್ಲೇ.

ಚರ್ಮವನ್ನು ತಿರುವಿ ಮುದ್ರೆ ನೋಡಿ. 5² ಅಂತ ಇದ್ದರೆ ಅದು ಐದರ ವರ್ಗ ಅಲ್ಲ. ಐದು ಅಡಿ, ಮೇಲೆ ಎರಡು ಕಾಲು, ಅಂದರೆ ಐದೂವರೆ ಚದರ ಅಡಿ. 4³ ಅಂದರೆ ನಾಲ್ಕೂ ಮುಕ್ಕಾಲು. ಅಡಿಯನ್ನು ನಾಲ್ಕು ಭಾಗ ಮಾಡಿ ಬರೆಯುವುದು ಈ ವ್ಯಾಪಾರದ ಹಳೆಯ ರೂಢಿ. ಯಂತ್ರದ ಒಳಗೆ 5.31 ಅಂತ ಎಣಿಕೆ ಬಂದಿದ್ದರೂ ಮುದ್ರೆ 5¹ ಅಥವಾ 5² ಆಗಲೇಬೇಕು, ನಡುವೆ ಜಾಗವಿಲ್ಲ. ಯಾವ ಕಡೆ ಹೋಗಬೇಕು? ಹತ್ತಿರದ ಕಾಲಿಗೆ ಹೋದರೆ ನ್ಯಾಯ. ಒಂದರಲ್ಲಿ ನೀವು ಕಳೆದುಕೊಂಡದ್ದು ಇನ್ನೊಂದರಲ್ಲಿ ಬರುತ್ತದೆ, 40 ಚರ್ಮ ಕೂಡಿಸುವಾಗ ಹೆಚ್ಚುಕಮ್ಮಿ ಸಮವಾಗುತ್ತದೆ. ಯಾವಾಗಲೂ ಮೇಲಿನ ಕಾಲಿಗೆ ಏರಿಸಿದರೆ ಸಮವಾಗುವುದಿಲ್ಲ. ಆಗ ಪ್ರತಿ ಚರ್ಮಕ್ಕೂ ಸರಾಸರಿ ಅರ್ಧ ಕಾಲು, ಅಂದರೆ 0.125 ಅಡಿ ಜಾಸ್ತಿ ಬೀಳುತ್ತದೆ. 40 ಚರ್ಮಕ್ಕೆ 5 ಅಡಿ. ನಿಮ್ಮ ಎಂಟರಲ್ಲಿ ಐದು ಇಲ್ಲೇ ಹೋಗಿರಬಹುದು!

ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಎಷ್ಟೋ ಯಂತ್ರಗಳಲ್ಲಿ ಇದು ಬರೀ ಒಂದು ಸೆಟ್ಟಿಂಗ್. ಟ್ಯಾನರಿಯ ಮಾಲೀಕರಿಗೇ ಅದು ಹೇಗಿದೆ ಅಂತ ಗೊತ್ತಿಲ್ಲದಿರಬಹುದು. ಹಾಗಾಗಿ ಮೋಸ ಅನ್ನುವ ಮಾತಿನಿಂದ ಶುರು ಮಾಡಬೇಡಿ. ಆದರೆ ಹಣ ನಿಮ್ಮ ಜೇಬಿನಿಂದ ಹೋಗುತ್ತಿದೆ ಅನ್ನುವುದೂ ನಿಜ, ಕೇಳಲೇಬೇಕು.

ಕಾಲು ಅಡಿಯ ಹೆಜ್ಜೆ ಮೇಕೆ ಚರ್ಮಕ್ಕೆ ತೀರಾ ಒರಟು. ನಿಮ್ಮ ಚರ್ಮದ ಸರಾಸರಿ 5.3 ಅಡಿ. ಅದರಲ್ಲಿ ಕಾಲು ಅಡಿ ಅಂದರೆ ಶೇ 4.7. ಮೆಟ್ರಿಕ್‌ನಲ್ಲಿ ಹೇಳಿದರೆ 2.3 ಚದರ ಡೆಸಿಮೀಟರ್ (ಒಂದು ಚದರ ಡೆಸಿಮೀಟರ್ ಅಂದರೆ 100 ಚದರ ಸೆಂಟಿಮೀಟರ್). ಯುರೋಪಿನ ಒಕ್ಕೂಟದ ಅಳತೆ ಸಾಧನಗಳ ನಿರ್ದೇಶನ 2014/32 ಇಂಥ ಯಂತ್ರಕ್ಕೆ 1 ಚದರ ಡೆಸಿಮೀಟರ್ ಹೆಜ್ಜೆ ಹೇಳುತ್ತದೆ, ನಮ್ಮ ಕಾಲು ಅಡಿಯ ಅರ್ಧಕ್ಕಿಂತ ಕಮ್ಮಿ. ತಪ್ಪಿಗೆ ಅಲ್ಲಿ ಶೇ 1ರ ಮಿತಿ ಇದೆ. ಚಿಕ್ಕ ಚರ್ಮಕ್ಕೆ ಅದು ತೀರಾ ಬಿಗಿಯಾಗದ ಹಾಗೆ ಕನಿಷ್ಠ 1 ಚದರ ಡೆಸಿಮೀಟರ್ ಅಂತ ಸಡಿಲಿಕೆಯೂ ಇದೆ. ಅಂತರರಾಷ್ಟ್ರೀಯ ಕಾನೂನು ಮಾಪನ ಸಂಸ್ಥೆ ಚರ್ಮದ ವಿಸ್ತೀರ್ಣ ಅಳೆಯುವ ಯಂತ್ರಗಳಿಗೆಂದೇ ಆರ್ 136 ಅನ್ನುವ ಶಿಫಾರಸು ಮಾಡಿದೆ. ಚರ್ಮದ ವಿಸ್ತೀರ್ಣಕ್ಕೆ ಐಎಸ್‌ಒ 11646, ಎಲೆಕ್ಟ್ರಾನಿಕ್ ವಿಧಾನಕ್ಕೆ ಐಎಸ್‌ಒ 19076 ಅನ್ನುವ ಮಾನದಂಡಗಳಿವೆ. ಟ್ಯಾನರಿ ರಫ್ತು ಮಾಡುತ್ತಿದ್ದರೆ ಈ ಹೆಸರುಗಳು ಅವರಿಗೆ ಹೊಸತಲ್ಲ. ನಿಮ್ಮ ಪತ್ರದಲ್ಲಿ ಇವನ್ನು ಬರೆದರೆ ಮಾತಿನ ತೂಕವೇ ಬೇರೆಯಾಗುತ್ತದೆ.

ಮೂರನೆಯದು ಚರ್ಮದ ಸ್ವಭಾವ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಬಿಗಿಯಾಗುತ್ತದಲ್ವಾ, ಚರ್ಮವೂ ಹಾಗೇ ಗಾಳಿಯ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಚರ್ಮ ಈ ವಿಷಯದಲ್ಲಿ ತೊಗಟೆಯಲ್ಲಿ ಹದ ಮಾಡಿದ ಚರ್ಮಕ್ಕಿಂತ ಜಾಸ್ತಿ ಆಡುತ್ತದೆ. ಚೆನ್ನೈ ಕಡೆಯ ತೇವದ ಗಾಳಿಯಲ್ಲಿ ಅಳೆದ ಚರ್ಮ ಮಾರ್ಚ್ ತಿಂಗಳ ಬೆಂಗಳೂರಿನ ಒಣ ಹವೆಯಲ್ಲಿ ಅದೇ ಅಳತೆ ಕೊಡುವುದಿಲ್ಲ. ಪರೀಕ್ಷೆಗೆ 23 ಡಿಗ್ರಿ ಸೆಲ್ಸಿಯಸ್, ಶೇ 50 ತೇವಾಂಶ ಅಂತ ಒಂದು ಹವೆಯನ್ನು ಮಾನದಂಡದಲ್ಲಿ ಇಟ್ಟಿರುವುದು ಇದಕ್ಕೇ.

ಇದಕ್ಕಿಂತ ದೊಡ್ಡದು ಟಾಗಲ್. ಚರ್ಮವನ್ನು ತೂತುಗಳ ಚೌಕಟ್ಟಿನ ಮೇಲೆ ಕ್ಲಿಪ್ ಹಾಕಿ ಎಳೆದು, ಬಿಸಿ ಗಾಳಿಯಲ್ಲಿ ಒಣಗಿಸುವ ಹಂತ ಅದು. ಮಡಿಕೆ ಹೋಗಿ ಚರ್ಮ ಸಪಾಟಾಗುತ್ತದೆ, ಜೊತೆಗೆ ಅಡಿಯೂ ಹೆಚ್ಚುತ್ತದೆ. ಟ್ಯಾನರಿಯ ಲಾಭ ಈ ಅಡಿಯಲ್ಲೇ ಇರುವುದರಿಂದ ಇನ್ನೊಂಚೂರು ಎಳೆಯುವ ಆಸೆ ಯಾವಾಗಲೂ ಇರುತ್ತದೆ. ಮಿತಿಯಲ್ಲಿ ಎಳೆದು ಸರಿಯಾಗಿ ಒಣಗಿಸಿದರೆ ಆ ಹಿಗ್ಗು ಬಹುಪಾಲು ನಿಲ್ಲುತ್ತದೆ. ಜಾಸ್ತಿ ಎಳೆದು ಬೇಗ ಬಿಚ್ಚಿದ ಚರ್ಮ ಗೋದಾಮಿನಲ್ಲಿ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ಕ್ಲಿಪ್ ಬಿಚ್ಚಿದ ಗಳಿಗೆಯಲ್ಲಿ ಅಳೆದರೆ ಯಂತ್ರ ಆಗ ಕಂಡದ್ದನ್ನೇ ಹೇಳುತ್ತದೆ. ಅದು ಸುಳ್ಳಲ್ಲ. ಆದರೆ ನೀವು ಹಣ ಕೊಟ್ಟ ಚರ್ಮ ವಾರದ ಮೇಲೆ ಅಷ್ಟು ಇರುವುದಿಲ್ಲ.

ಈಗ ಪರೀಕ್ಷೆ. ಇದನ್ನು ತಾಳ್ಮೆಯಿಂದ ಮಾಡಿ. ಮೊದಲು ಸರಿಮಾಡಬೇಕಾದ್ದು ನಿಮ್ಮದೇ ಅಳತೆಯನ್ನು. ಒಂದು ಇಂಚಿನ ಚೌಕದಲ್ಲಿ 5.3 ಅಡಿ ಅಂದರೆ ಸುಮಾರು 760 ಚೌಕ. ಅದರಲ್ಲಿ ಅಂಚಿಗೆ ಸಿಕ್ಕಿ ಅರ್ಧಂಬರ್ಧ ಆಗುವ ಚೌಕಗಳೇ ಹತ್ತಿರಹತ್ತಿರ 150. ಒಂದೊಂದರಲ್ಲೂ ಹತ್ತನೇ ಒಂದು ಭಾಗ ಕಮ್ಮಿ ಅಂದಾಜಿಸಿದರೂ 15 ಚೌಕ ಹೋಯಿತು, ಅಂದರೆ 0.1 ಅಡಿ. 40 ಚರ್ಮಕ್ಕೆ 4 ಅಡಿ! ಅಂಕುಡೊಂಕಿನ ಅಂಚನ್ನು ಕಣ್ಣು ಕಮ್ಮಿ ಅಂದಾಜಿಸುವುದು ತುಂಬಾ ಸುಲಭ. ಈ ಹಾಳೆ ಹಿಡಿದು ಟ್ಯಾನರಿಯ ಜೊತೆ ವಾದಕ್ಕೆ ಹೋಗಬೇಡಿ, ಮೊದಲ ಪ್ರಶ್ನೆಗೇ ಸೋಲುತ್ತೀರಿ.

ಇದಕ್ಕಿಂತ ಒಳ್ಳೆಯ, ಖರ್ಚಿಲ್ಲದ ದಾರಿ ಕಾಗದ ಮತ್ತು ತಕ್ಕಡಿ. ಒಂದು ಮೀಟರ್ ಅಗಲದ ಕಂದು ಕಾಗದದ ಸುರುಳಿ ತನ್ನಿ. ಅದೇ ಸುರುಳಿಯಿಂದ ಬೇರೆ ಬೇರೆ ಜಾಗದಲ್ಲಿ 50 ಸೆಂ.ಮೀ. ಉದ್ದ, 50 ಸೆಂ.ಮೀ. ಅಗಲದ ಮೂರು ಚೌಕ ಕತ್ತರಿಸಿ, ತೂಗಿ, ಸರಾಸರಿ ತೆಗೆಯಿರಿ. ಆ ತೂಕಕ್ಕೆ ಕಾಲು ಚದರ ಮೀಟರ್, ಅಂದರೆ 2.69 ಚದರ ಅಡಿ. ಆಮೇಲೆ ಚರ್ಮವನ್ನು ಕಾಗದದ ಮೇಲೆ ಎಳೆಯದೆ ಹಾಸಿ. ಪೆನ್ಸಿಲ್ಲನ್ನು ನೇರವಾಗಿ ಹಿಡಿದು ಅಂಚಿಗೆ ತಾಗಿಸಿ ಗೆರೆ ಎಳೆಯಿರಿ. ಗೆರೆಯ ಒಳ ಅಂಚಿನಲ್ಲಿ ಕತ್ತರಿಸಿ. ಚರ್ಮದಲ್ಲಿ ದೊಡ್ಡ ತೂತಿದ್ದರೆ ಕಾಗದದಲ್ಲೂ ತೆಗೆಯಿರಿ. ಆ ಆಕಾರವನ್ನು ತೂಗಿದರೆ ವಿಸ್ತೀರ್ಣ ಬಂತು. ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದವಾದರೆ ಐದು ಅಡಿಗೆ ಸುಮಾರು 37 ಗ್ರಾಂ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು. ಅಕ್ಕಸಾಲಿಗರ ಬಳಿ ಇರುವಂಥ 0.01 ಗ್ರಾಂ ತೋರಿಸುವ ತಕ್ಕಡಿ ಬೇಕು. ಕಾಗದವೂ ತೇವ ಹೀರುತ್ತದೆ, ಆದ್ದರಿಂದ ಚೌಕಗಳನ್ನೂ ಆಕಾರಗಳನ್ನೂ ಒಂದೇ ಹೊತ್ತಿಗೆ ತೂಗಿ.

40ಕ್ಕೂ ಮಾಡಬೇಕಾಗಿಲ್ಲ. ಅತಿ ಚಿಕ್ಕವು ಐದು, ಅತಿ ದೊಡ್ಡವು ಐದು ಆರಿಸಿ. ಅಳೆಯುವ ಮೊದಲು ಎರಡು ದಿನ ಕೋಣೆಯಲ್ಲಿ ಬಿಡಿಬಿಡಿಯಾಗಿ ಹಾಸಿಡಿ. ಪ್ರತಿಯೊಂದಕ್ಕೂ ಮುದ್ರೆಯ ಅಳತೆಯಿಂದ ನಿಮ್ಮ ಅಳತೆ ಕಳೆದು ಬರೆದಿಡಿ. ಒಟ್ಟು ಮೊತ್ತವನ್ನು ಸದ್ಯಕ್ಕೆ ಮರೆತುಬಿಡಿ. ವ್ಯತ್ಯಾಸ ಹೇಗೆ ಹರಡಿದೆ ಅನ್ನುವುದೇ ನಮಗೆ ಬೇಕಾದ ಸುಳಿವು.

ವ್ಯತ್ಯಾಸಗಳೆಲ್ಲ ಸೊನ್ನೆಗೂ ಕಾಲು ಅಡಿಗೂ ನಡುವೆ ಚದುರಿದ್ದು, ಒಂದಾದರೂ ಸೊನ್ನೆಯ ಕೆಳಗೆ ಹೋಗದಿದ್ದರೆ, ಮತ್ತು ಚಿಕ್ಕ ಚರ್ಮಕ್ಕೂ ದೊಡ್ಡ ಚರ್ಮಕ್ಕೂ ಸರಾಸರಿ ಒಂದೇ ಇದ್ದರೆ, ಮುದ್ರೆಯನ್ನು ಮೇಲಕ್ಕೇ ಏರಿಸುತ್ತಿದ್ದಾರೆ. ನ್ಯಾಯವಾಗಿ ಹತ್ತಿರದ ಕಾಲಿಗೆ ಹಾಕುವ ಕಡೆ ಕೆಲವು ಚರ್ಮಗಳಾದರೂ ಮುದ್ರೆಗಿಂತ ದೊಡ್ಡದಾಗಿ ಸಿಗಲೇಬೇಕು. ಹಾಗಲ್ಲದೆ ಮೂರೂವರೆ ಅಡಿಯ ಚರ್ಮದಲ್ಲಿ 0.1, ಏಳು ಅಡಿಯದರಲ್ಲಿ 0.2 ಅನ್ನುವ ಹಾಗೆ ಗಾತ್ರದ ಜೊತೆ ವ್ಯತ್ಯಾಸವೂ ಬೆಳೆಯುತ್ತಿದ್ದರೆ ಕಾರಣ ಬೇರೆ. ಆಗ ಎನ್‌ಕೋಡರ್ ತಪ್ಪಿರಬೇಕು, ಇಲ್ಲವೇ ಚರ್ಮ ಕುಗ್ಗಿರಬೇಕು. ಅಂಚಿನ ತಪ್ಪು ಇವೆರಡರ ನಡುವೆ ಬರುತ್ತದೆ, ಗಾತ್ರ ಎರಡರಷ್ಟಾದಾಗ ಅದು ಒಂದೂವರೆಯಷ್ಟೂ ಆಗುವುದಿಲ್ಲ. ಹತ್ತು ಚರ್ಮದಲ್ಲಿ ಇದನ್ನು ಬಿಡಿಸಿ ನೋಡುವುದು ಕಷ್ಟ, ಅದರ ತಲೆನೋವು ಬೇಡ. ಇನ್ನು ಕೆಲವು ಜಾಸ್ತಿ, ಕೆಲವು ಕಮ್ಮಿ ಬಂದು ಸರಾಸರಿ ಸೊನ್ನೆಯ ಹತ್ತಿರ ನಿಂತರೆ ಟ್ಯಾನರಿ ಸರಿ, ನಿಮ್ಮ ಚೌಕದ ಹಾಳೆ ತಪ್ಪು. ಅದನ್ನೂ ಒಪ್ಪಿಕೊಳ್ಳುವ ಮನಸ್ಸಿನಿಂದಲೇ ಅಳೆಯಿರಿ.

ಎನ್‌ಕೋಡರ್ ತಪ್ಪೋ ಚರ್ಮ ಕುಗ್ಗಿದ್ದೋ ಅಂತ ತಿಳಿಯಲು ಕುಗ್ಗದ ವಸ್ತು ಬೇಕು. ಗಟ್ಟಿ ಪ್ಲಾಸ್ಟಿಕ್ ಹಾಳೆಯಲ್ಲಿ 79.8 ಸೆಂ.ಮೀ. ವ್ಯಾಸದ ವೃತ್ತ ಕತ್ತರಿಸಿಕೊಳ್ಳಿ. ಅದು ಸರಿಯಾಗಿ 50 ಚದರ ಡೆಸಿಮೀಟರ್, 5.38 ಚದರ ಅಡಿ. ಹಾಳೆಯ ಆಚೆಗೆ ಬೆಳಕು ಕಾಣಬಾರದು. ಮುಂದಿನ ಸಲ ಟ್ಯಾನರಿಗೆ ಹೋದಾಗ ಅದನ್ನು ಯಂತ್ರದಲ್ಲಿ ಹಾಕಲು ವಿನಂತಿಸಿ. ಎಡಕ್ಕೆ, ನಡುವೆ, ಬಲಕ್ಕೆ ಕೆಲವು ಸಲ ಹಾಯಿಸಿ, ಮುದ್ರೆಯ ಅಂಕಿಯ ಬದಲು ಪರದೆಯ ಮೇಲಿನ ದಶಮಾಂಶದ ಅಂಕಿ ಓದಿ. ಆಯತ ಬೇಡ, ವೃತ್ತವೇ ಆಗಬೇಕು. 50 ಸೆಂ.ಮೀ. ಅಗಲದ ಆಯತದ ನೇರ ಅಂಚು ಎರಡು ಸೆನ್ಸರ್‌ಗಳ ನಡುವೆ ಸಿಕ್ಕಿಕೊಂಡರೆ ಇಡೀ ಉದ್ದಕ್ಕೂ ಒಂದು ಸಾಲು ತಪ್ಪುತ್ತದೆ, 10 ಮಿ.ಮೀ. ಅಂತರದ ಯಂತ್ರದಲ್ಲಿ ಅದೇ ಶೇ 2. ಆಗ ಒಳ್ಳೆಯ ಯಂತ್ರವೂ ಕೆಟ್ಟದ್ದಾಗಿ ಕಾಣುತ್ತದೆ. ವೃತ್ತದಲ್ಲಿ ಅಂಚು ಎಲ್ಲ ಸೆನ್ಸರ್‌ಗಳನ್ನೂ ಬೇರೆ ಬೇರೆ ಕಡೆ ಹಾಯುವುದರಿಂದ ತಪ್ಪು ಸರಿಹೋಗುತ್ತದೆ. ಅಚ್ಚುಕಟ್ಟಾದ ಟ್ಯಾನರಿಗಳಲ್ಲಿ ಇಂಥ ತಟ್ಟೆ ಯಂತ್ರದ ಪಕ್ಕದಲ್ಲೇ ನೇತಾಡುತ್ತಿರುತ್ತದೆ, ಪಾಳಿ ಶುರುವಾಗುವಾಗ ಒಮ್ಮೆ ಹಾಯಿಸುತ್ತಾರೆ. ನೀವು ಕೇಳಿದ ಕೂಡಲೇ ಅವರೇ ಅದನ್ನು ತೆಗೆದು ತೋರಿಸಿದರೆ ಅಂಥ ಜಾಗವನ್ನು ಬಿಡಬೇಡಿ.

ಇನ್ನು ಕ್ಯಾಮೆರಾ. ಇದರಲ್ಲಿ ಎರಡು ಬಗೆ. ಒಂದು ಬೆಲ್ಟಿನ ಮೇಲೆ ಸಾಗುವ ಚರ್ಮವನ್ನು ಗೆರೆಗೆರೆಯಾಗಿ ಓದುವ ಲೈನ್-ಸ್ಕ್ಯಾನ್ ಕ್ಯಾಮೆರಾ. 3 ಮೀಟರ್ ಅಗಲಕ್ಕೆ 4096 ಪಿಕ್ಸೆಲ್ ಇದ್ದರೆ ಒಂದೊಂದು ಪಿಕ್ಸೆಲ್ಲೂ 0.73 ಮಿ.ಮೀ., ಸೆನ್ಸರ್ ಸಾಲಿಗಿಂತ ಎಷ್ಟೋ ಸೂಕ್ಷ್ಮ. ಇನ್ನೊಂದು ಮೇಜಿನ ಮೇಲೆ ಹಾಸಿದ ಚರ್ಮದ ಪೂರ್ತಿ ಚಿತ್ರ ತೆಗೆಯುವ ಕ್ಯಾಮೆರಾ. ಇವುಗಳ ನಿಜವಾದ ಬೆಲೆ ವಿಸ್ತೀರ್ಣದಲ್ಲಿ ಇಲ್ಲ, ಆಕಾರದಲ್ಲಿದೆ. ಕಾರಿನ ಸೀಟಿನ ಚರ್ಮ ಕತ್ತರಿಸುವ ದೊಡ್ಡ ಕಾರ್ಖಾನೆಗಳಲ್ಲಿ ಅನುಭವಿ ಕೆಲಸಗಾರರು ಗಾಯ, ಕಲೆ, ಸಡಿಲ ಜಾಗಗಳನ್ನು ಪೆನ್ನಿನಿಂದ ಗುರುತು ಹಾಕುತ್ತಾರೆ. ಕ್ಯಾಮೆರಾ ಅಂಚನ್ನೂ ಗುರುತುಗಳನ್ನೂ ಓದುತ್ತದೆ. ಕಂಪ್ಯೂಟರ್ ಅವನ್ನೆಲ್ಲ ತಪ್ಪಿಸಿ ಪೀಸುಗಳನ್ನು ಜೋಡಿಸುತ್ತದೆ. ಅಡಿಯ ಲೆಕ್ಕದಲ್ಲಿ ಶೇ 1 ಉಳಿಸುವುದಕ್ಕಿಂತ ಕತ್ತರಿಸುವಾಗ ಶೇ 3 ಉಳಿಸುವುದು ಅವರಿಗೆ ದೊಡ್ಡದು. 40 ಚರ್ಮ ತರಿಸುವ ನಿಮಗೆ ಅಂಥ ಯಂತ್ರ ಸದ್ಯಕ್ಕೆ ಬೇಡ. ಆ ಹಣವನ್ನು ಚರ್ಮಕ್ಕೇ ಹಾಕಿ.

ಆದರೆ ಮೊಬೈಲ್ ಇದೆಯಲ್ಲ. 4000 ಪಿಕ್ಸೆಲ್ ಅಗಲದ ಚಿತ್ರ 1.6 ಮೀಟರ್ ಮೇಜನ್ನು ತುಂಬಿದರೆ ಒಂದು ಪಿಕ್ಸೆಲ್ 0.4 ಮಿ.ಮೀ., ಬೇಕಾದಷ್ಟಾಯಿತು. ಫೋನನ್ನು ಮೇಜಿನಿಂದ 2 ಮೀಟರ್ ಎತ್ತರದಲ್ಲಿ, ನೇರವಾಗಿ ಕೆಳಕ್ಕೆ ನೋಡುವ ಹಾಗೆ ಗಟ್ಟಿಯಾಗಿ ಕಟ್ಟಿ. ಅಗಲ ಲೆನ್ಸ್ ಬಳಸಬೇಡಿ, ಅದು ಅಂಚನ್ನು ಬಾಗಿಸುತ್ತದೆ. ಕಪ್ಪು ಚರ್ಮಕ್ಕೆ ಬಿಳಿ ಹಾಸು, ಬಿಳಿ ಚರ್ಮಕ್ಕೆ ಕಪ್ಪು ಹಾಸು. ಬೆಳಕು ಎಲ್ಲ ಕಡೆಯಿಂದ ಸಮವಾಗಿ ಬರಬೇಕು. ಒಂದೇ ಬದಿಯ ದೀಪದಿಂದ ಬೀಳುವ ನೆರಳನ್ನು ತಂತ್ರಾಂಶ ಚರ್ಮ ಅಂದುಕೊಳ್ಳುತ್ತದೆ. ಸುತ್ತಲೂ 2 ಮಿ.ಮೀ. ನೆರಳು ಸೇರಿದರೆ ಶೇ 1.2 ತಪ್ಪು. ಎದ್ದು ನಿಂತ ಅಂಚೂ ಅಷ್ಟೇ. 2 ಸೆಂ.ಮೀ. ಮೇಲೆದ್ದ ಭಾಗ ಕ್ಯಾಮೆರಾಕ್ಕೆ ಹತ್ತಿರವಾಗಿ ಶೇ 2 ದೊಡ್ಡದಾಗಿ ಕಾಣುತ್ತದೆ. ತೆಳು ಅಕ್ರಿಲಿಕ್ ಹಾಳೆ ಮೇಲಿಟ್ಟು ಒತ್ತಿ. ಅಳತೆಗೋಲಿಗೆ ಎ4 ಕಾಗದ ಸಾಕು. ಅದರ ಅಳತೆ 210 ಮತ್ತು 297 ಮಿ.ಮೀ., 16 ಹಾಳೆ ಸೇರಿದರೆ ಒಂದು ಚದರ ಮೀಟರ್. ಮೇಜಿನ ನಾಲ್ಕು ಮೂಲೆಗೂ ನಡುವೆಯೂ ಒಂದೊಂದು ಹಾಳೆ ಇಟ್ಟು ಚಿತ್ರ ತೆಗೆಯಿರಿ. ಐದೂ ಒಂದೇ ಪಿಕ್ಸೆಲ್ ಎಣಿಕೆ ಕೊಡುವ ತನಕ ಫೋನಿನ ಓರೆಯನ್ನು ಸರಿಮಾಡಿ. ಪಿಕ್ಸೆಲ್ ಎಣಿಸುವ ಕೆಲಸಕ್ಕೆ ಓಪನ್‌ಸಿವಿ ಅನ್ನುವ ಉಚಿತ ತಂತ್ರಾಂಶ ಇದೆ, ಇಂಜಿನಿಯರಿಂಗ್ ಓದುವ ಹುಡುಗರು ಯಾರಾದರೂ ಬರೆದುಕೊಟ್ಟಾರು. ಒಮ್ಮೆ ಹೊಂದಿಸಿದ ಮೇಲೆ ಕಾಗದದ ತೂಕದ ಜೊತೆ ನಾಲ್ಕಾರು ಚರ್ಮ ಹೋಲಿಸಿ ನೋಡಿ. ಶೇ 1ರ ಒಳಗೆ ಕೂಡಿದರೆ ಮುಂದೆ ಕಾಗದ ಕತ್ತರಿಸುವ ಕೆಲಸ ಇರುವುದಿಲ್ಲ.

ಟ್ಯಾನರಿಯ ಜೊತೆ ಮಾತಾಡುವಾಗ ಎಂಟು ಅಡಿ ವಾಪಸ್ ಕೊಡಿ ಅಂತ ಶುರು ಮಾಡಬೇಡಿ. ಹತ್ತು ಚರ್ಮದ ಪಟ್ಟಿ ಮತ್ತು ಮುದ್ರೆಗಳ ಫೋಟೊ ಕಳಿಸಿ, 'ಯಂತ್ರದ ದಶಮಾಂಶದ ಪಟ್ಟಿ ಕೊಡಬಹುದಾ, ಕಾಲಿಗೆ ಹೇಗೆ ಹಾಕುತ್ತೀರಿ' ಅಂತ ಕೇಳಿ. ಮುಂದಿನ ಆರ್ಡರಿನಲ್ಲಿ ಮಾತ್ರ ಎಲ್ಲವನ್ನೂ ಬರೆದೇ ಕೊಡಿ. ಬಿಲ್ ದಶಮಾಂಶದ ಮೊತ್ತಕ್ಕೆ ಆಗಬೇಕು, ಮುದ್ರೆಯ ಮೊತ್ತಕ್ಕೆ ಬೇಡ. ಟಾಗಲ್‌ನಿಂದ ಬಿಚ್ಚಿ ಕನಿಷ್ಠ ಒಂದು ದಿನ ಬಿಟ್ಟು ಅಳೆಯಬೇಕು. ಒಟ್ಟು ಅಳತೆಯಲ್ಲಿ ಶೇ 2ರ ತನಕ ವ್ಯತ್ಯಾಸವನ್ನು ಎರಡೂ ಕಡೆಯವರು ಒಪ್ಪಬೇಕು, ಯಾಕೆಂದರೆ ಶೇ 1ರ ಮಿತಿಯಲ್ಲಿರುವ ಎರಡು ಯಂತ್ರಗಳೂ ಒಂದಕ್ಕೊಂದು ಅಷ್ಟು ದೂರ ಇರಬಹುದು. ಅದಕ್ಕಿಂತ ಜಾಸ್ತಿಯಾದರೆ ಮೂರನೆಯವರ ಬಳಿ ಅಳೆಸಬೇಕು. ಅದಕ್ಕೆ ಯಾರು ಅಂತಲೂ ಆರ್ಡರಿನಲ್ಲೇ ಬರೆಯಿರಿ. ಚೆನ್ನೈನ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯಲ್ಲಿ ಮೊದಲು ವಿಚಾರಿಸಿ ನೋಡಿ. 1948ರಿಂದ ಚರ್ಮದ್ದೇ ಕೆಲಸ ಮಾಡುತ್ತಿರುವ ಸಂಸ್ಥೆ ಅದು, ತಮಿಳುನಾಡಿನ ಟ್ಯಾನರಿಯವರು ಅದರ ಮಾತನ್ನು ತಳ್ಳಿಹಾಕುವುದು ಕಷ್ಟ. ಅಲ್ಲಿಯ ತನಕ ಈ 40ರಲ್ಲಿ ಆ ಹತ್ತನ್ನು ಕತ್ತರಿಸದೆ, ಮುದ್ರೆ ಅಳಿಸದ ಹಾಗೆ ಸುತ್ತಿ ತೆಗೆದಿಡಿ.